ತಕ್ಕಡಿಯ ಉಪವಾಸ

ಗೊಲ್ಲರಹಟ್ಟಿ, ಮಾಡದಕೆರೆ ಹೋಬಳಿ
೨೨-೮-೧೯೭೭, ಸೋಮವಾರ

ಮಗಳು ಜಯಕ್ಕನಿಗೆ ನಿನ್ನ ಅವ್ವ ತಲೆ ಸವರಿ ಬರೆಯುವುದು.

ಇವತ್ತು ಶ್ರಾವಣದ ಸೋಮವಾರ, ನನಗೆ ಒಪ್ಪತ್ತು. ಬೆಳಿಗ್ಗೆ ಕುರಿರೊಪ್ಪ ಗುಡಿಸಿ, ಬಾವಿಯಿಂದ ನೀರು ತಂದು, ಬಾಗಿಲಿಗೆ ಸಗಣಿ ಸಾರಿಸಿ, ಜುಂಜಪ್ಪನ ಗುಡಿಯ ಕಡೆ ತಿರುಗಿ ಕೈಮುಗಿದೆ. ನಿಮ್ಮಪ್ಪನಿಗೆ ಬುತ್ತಿ ಕಟ್ಟಿಕೊಟ್ಟೆ, ಕುರಿ ಹೊಡೆದುಕೊಂಡು ಕಾವಲಿನ ಹುಲ್ಲಿಗೆ ಹೋದರು. ಇನ್ನು ಸಂಜೆವರೆಗೆ ಒಲೆಯ ಕೆಲಸವಿಲ್ಲ, ಅದಕ್ಕೇ ಬರೆಯಲು ಕುಳಿತೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಮಾತ್ರ ಕೈ ಏಳುತ್ತಿಲ್ಲ.

ನಿನ್ನ ಕಾಗದ ಬಂತು. ನಿನ್ನ ಅಣ್ಣ ಚಿತ್ತಪ್ಪ ಹೇಗೆ ಸತ್ತನೆಂದು ಕೇಳಲು ಭಾರ ಎತ್ತುವ ಆಟದ ಹೊರದೇಶದ ದೊಡ್ಡ ಕಚೇರಿಯಿಂದ ವಿಚಾರಣೆಯವರು ಬಂದಿದ್ದಾರೆ, ಗುರುವಾರ ಖಜಾಂಚಿ ಮುರುಗೇಶಪ್ಪನವರ ಕಾರಿನಲ್ಲೇ ನಮ್ಮ ಹಟ್ಟಿಗೆ ಬರುತ್ತಾರೆ, ದಾರಿ ತೋರಿಸಲು ನಿನ್ನ ಯಜಮಾನರು ರಂಗಪ್ಪನವರೂ ಇರುತ್ತಾರೆ ಎಂದು ಬರೆದಿದ್ದೀಯ. ಅವನು ದೇವರ ಹರಕೆಗೆ ಉಪವಾಸ ಇದ್ದ ಎಂದು ಒಂದು ಮಾತು ಹೇಳಿಬಿಡು ಅವ್ವಾ, ನಮ್ಮ ಸಂಸಾರ ಉಳಿಯುತ್ತದೆ ಎಂದಿದ್ದೀಯ. ರಂಗಪ್ಪನವರು ದುರ್ಗದಲ್ಲಿ ಮುರುಗೇಶಪ್ಪನವರ ವ್ಯಾಯಾಮಶಾಲೆಯಲ್ಲಿ ಕಾವಲುಗಾರರು. ಚಿತ್ತಪ್ಪ ಹೋದ ಮೇಲೆ ಅವರೇ ಕರೆದು ಕೊಟ್ಟ ಕೆಲಸ. ನೀವಿರುವ ಮನೆಯೂ ಅವರದೇ. ಇದೆಲ್ಲ ನನಗೆ ಗೊತ್ತಿಲ್ಲವೆಂದಲ್ಲ.

ಆದರೆ ಆ ಉಪವಾಸ ಎಂಥದ್ದೆಂದು ನಿನಗೆ ಮರೆತುಹೋದಂತಿದೆ.

ಗುಡಿ ಮುಂದಿನ ಗುಂಡುಕಲ್ಲನ್ನು ಚಿತ್ತಪ್ಪ ಹೆಗಲಿಗೆ ಎತ್ತಿ ಹಿಂದಕ್ಕೆ ಎಸೆದದ್ದನ್ನು ನೋಡಿಯೇ ಅಲ್ಲವೇ ಮುರುಗೇಶಪ್ಪನವರು ಅವನನ್ನು ದುರ್ಗಕ್ಕೆ ಕರೆದೊಯ್ದದ್ದು. ಕಬ್ಬಿಣದ ಭಾರ ಎತ್ತಲು ಕಲಿಸಿದರು, ಹಾಲು ಮೊಟ್ಟೆ ಕೊಡಿಸಿದರು. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆಮೇಲೆ ಅವರು ಪೂರ್ವದೇಶಗಳ ಭಾರ ಎತ್ತುವವರ ಒಕ್ಕೂಟಕ್ಕೇ ಖಜಾಂಚಿಯಾದರು. ಹೊರದೇಶದ ಪಂದ್ಯಕ್ಕೆ ಯಾರು ಹೋಗಬೇಕು, ಯಾರು ಬೇಡ ಎನ್ನುವುದೆಲ್ಲ ಅವರ ಬಾಯಲ್ಲೇ ಇತ್ತು.

ಆ ಪಂದ್ಯಕ್ಕೆ ಹೊರಡುವ ಮುಂಚೆ ಚಿತ್ತಪ್ಪ ಮನೆಗೆ ಬಂದು ಇದ್ದ ದಿನಗಳನ್ನು ನೆನೆಸಿಕೋ. ನಿನಗಿನ್ನೂ ಮದುವೆಯಾಗಿರಲಿಲ್ಲ, ಮನೆಯಲ್ಲೇ ಇದ್ದೆ. ಅವನು ಮುದ್ದೆ ಮುಟ್ಟಲಿಲ್ಲ. ನೀರನ್ನು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ, ಗುಟುಕು ಒಳಗೆ ಬಿಡುತ್ತಿರಲಿಲ್ಲ. ನೆತ್ತಿ ಸುಡುವ ಬಿಸಿಲಲ್ಲಿ ಅಂಗಳದ ನಡುವೆ ಕಂಬಳಿ ಮೇಲೆ ಕಂಬಳಿ ಹೊದ್ದು ಕೂತು ಬೆವರು ಸುರಿಸುತ್ತಿದ್ದ. ಅದನ್ನು ನೋಡಿ ನನ್ನ ಎದೆ ಉಬ್ಬಿತು. ನನ್ನ ಮಗ ಜುಂಜಪ್ಪನಿಗೆ ಕಠಿಣ ಹರಕೆ ಹೊತ್ತಿದ್ದಾನೆ ಎಂದುಕೊಂಡೆ. ಅವನ ಜೊತೆ ನಾನೂ ಉಪವಾಸ ಹಿಡಿದೆ.

"ಅವ್ವಾ, ಇದು ದೇವ್ರಿಗಲ್ಲ, ತಕ್ಕಡಿಗೆ. ನೀನ್ಯಾಕೆ ಹೊಟ್ಟೆ ಸುಟ್ಕಂತೀಯ, ಉಣ್ಣು" ಅಂದ. ನಾನು ನಕ್ಕೆ. ನಮ್ಮಲ್ಲಿ ಹರಕೆ ಹೊತ್ತವರು ಬಾಯಿಬಿಟ್ಟು ಹೇಳಬಾರದಲ್ಲ, ಹೇಳಿದರೆ ಫಲ ಹೋಗುತ್ತದೆ. ಅವನು ಅಲ್ಲ ಅಂದಷ್ಟೂ ನನಗೆ ಹೌದು ಎಂದೇ ಕೇಳಿಸಿತು. "ಹೇಳ್ಬ್ಯಾಡ ಬಿಡು ಮಗನೆ, ನಂಗೆ ಗೊತ್ತಾತು" ಅಂದೆ. ನೀನು ಹೊಸಿಲ ಮೇಲೆ ಕೂತು, "ಅಣ್ಣಂಗೆ ದೇವ್ರು ಮೈಮ್ಯಾಲೆ ಬಂದೈತೆ, ಯಾರೂ ಮುಟ್ಬ್ಯಾಡ್ರಿ" ಎಂದು ಹಾಸ್ಯ ಮಾಡಿದೆ.

ಆಗ ಅವನು ಕಂಬಳಿಯೊಳಗಿನಿಂದಲೇ ಎಲ್ಲ ಹೇಳಿದ. ಭಾರ ಎತ್ತುವವರ ಮೈತೂಕಕ್ಕೆ ತಕ್ಕಂತೆ ಒಂದೊಂದು ಜಾಗವಂತೆ, ಒಂದು ಜಾಗಕ್ಕೆ ನಮ್ಮ ಕಡೆಯಿಂದ ಒಬ್ಬನೇ ಅಂತೆ. "ನನ್ ತೂಕದ ಜಾಗಾನ ಖಜಾಂಚಿಗಳು ಅಕ್ಕಿ ಮಿಲ್ಲಿನ ಸಾವ್ಕಾರ್ರ ಮಗಂಗೆ ಮಾರ್ಕಂಡವ್ರೆ. ಮೈ ಇಳ್ಸಿ ಕೆಳಗಿನ ತೂಕಕ್ಕೆ ಬಾ, ಇಲ್ದಿದ್ರೆ ಕುರಿ ಕಾಯಾಕ್ ಹೋಗು ಅಂದ್ರು" ಎಂದ. ನಾವಿಬ್ಬರೂ ಕೇಳಿಸಿಕೊಂಡೆವು. ಆಟದಲ್ಲಿ ಜಾಗ ಮಾರುತ್ತಾರೆಂಬುದು ನನ್ನ ತಲೆಗೆ ಹೋಗಲಿಲ್ಲ ಕಣೆ. ಹರಕೆ ಮುಚ್ಚಿಡಲು ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡೆ. ಹಟ್ಟಿಯಲ್ಲಿ ಮನೆಮನೆಗೆ ಹೋಗಿ ನನ್ನ ಮಗನ ವ್ರತ ನೋಡಿರಿ ಎಂದು ಸಾರಿಕೊಂಡು ಬಂದೆ.

ಅವನು ಮೈತೂಕ ಇಳಿಸಿ ತಕ್ಕಡಿಯನ್ನೇನೋ ಗೆದ್ದ. ಪಂದ್ಯದ ಹೊತ್ತಿಗೆ ಭಾರಕ್ಕೆ ಬಗ್ಗಿದವನು ಮೇಲೇಳಲಿಲ್ಲ. ಹುಡುಗರ ಜೊತೆ ಡಾಕ್ಟರು ಹೋಗಲೆಂದು ಒಕ್ಕೂಟದಲ್ಲಿ ದುಡ್ಡು ಇಟ್ಟಿದ್ದರಂತೆ. ಡಾಕ್ಟರ ಹೆಸರಲ್ಲಿ ವಿಮಾನ ಹತ್ತಿದವನು ಮುರುಗೇಶಪ್ಪನವರ ಭಾಮೈದ, ಬಟ್ಟೆ ಅಂಗಡಿಯವನು. ನಾಡಿ ಎಲ್ಲಿ ಹಿಡಿಯಬೇಕೆಂದೂ ತಿಳಿಯದವನು ನನ್ನ ಮಗನ ಪಕ್ಕ ನಿಂತಿದ್ದ. ಇದು ನನಗೆ ಹೇಗೆ ಗೊತ್ತಾಯಿತೆಂದು ಆಮೇಲೆ ಹೇಳುತ್ತೇನೆ.

ನಮ್ಮವರನ್ನು ಮಣ್ಣಿಗೆ ಕೊಡುವುದು ನಮ್ಮ ಪದ್ಧತಿ. ಅವನನ್ನು ಅಲ್ಲೇ ಸುಟ್ಟು ಬೂದಿಯನ್ನು ಡಬ್ಬಿಯಲ್ಲಿ ತಂದುಕೊಟ್ಟರು. ಮುರುಗೇಶಪ್ಪನವರು ಜಗಲಿ ಮೇಲೆ ಕೂತು ಕಣ್ಣೊರೆಸಿಕೊಂಡು, "ಹರಕೆ ಹೊತ್ತಿದ್ನಂತಲ್ಲ ತಾಯಿ, ದೇವ್ರೇ ಕರ್ಕಂಡ. ನಾವೇನ್ ಮಾಡಾಕಾಗ್ತೈತೆ?" ಅಂದರು. ನಾನು ಸಾರಿದ ಮಾತು ಅವರ ಬಾಯಿಗೆ ಹೋಗಿತ್ತು. ಈ ಮೂರು ವರ್ಷ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ.

ಜಯಕ್ಕ, ಅವನು ಬರುತ್ತಾನೆ. ನೆತ್ತಿ ಮೇಲೆ ಸೂರ್ಯ ಬಂದಾಗ ಅಂಗಳದಲ್ಲಿ ಅದೇ ಜಾಗದಲ್ಲಿ ಕಂಬಳಿ ಹೊದ್ದು ಕೂರುತ್ತಾನೆ. ಮುಖ ಕಾಣುವುದಿಲ್ಲ, ಉಸಿರು ಕೇಳುತ್ತದೆ. ನಾಯಿ ಬೊಗಳುವುದಿಲ್ಲ, ಬಾಲ ಅಲ್ಲಾಡಿಸಿ ಅವನ ಹತ್ತಿರ ಹೋಗಿ ಮಲಗುತ್ತದೆ. ನಾನು ಚೊಂಬು ತುಂಬಿ ಮುಂದಿಡುತ್ತೇನೆ. ಮುಕ್ಕಳಿಸಿ ಉಗುಳಿದ ಸದ್ದು ಬರುತ್ತದೆ, ನೆಲ ಒದ್ದೆಯಾಗುತ್ತದೆ. ನುಂಗಿದ ಸದ್ದು ಮಾತ್ರ ಒಂದು ದಿನವೂ ಕೇಳಲಿಲ್ಲ. "ಬಿಸ್ಲಿಗೆ ನಿನ್ ಕಣ್ ಕೆಟ್ಟವೆ" ಎಂದು ನಿಮ್ಮಪ್ಪ ಬಯ್ಯುತ್ತಾರೆ. ಆದರೆ ಮನೆಯಲ್ಲಿದ್ದ ದಿನ ಮಧ್ಯಾಹ್ನ ಅಂಗಳ ದಾಟುವಾಗ ಅವರೂ ಆ ಜಾಗವನ್ನು ಬಳಸಿಕೊಂಡೇ ಹೋಗುವುದು.

ಹಟ್ಟಿಯ ಹಿರಿಯ ಬೋರಯ್ಯ ಮಾವನೂ ನಿನ್ನ ಹಾಗೆಯೇ ಹೇಳಿದ. "ಲೇ ಜುಂಜಮ್ಮ, ಮಗ ಹೆಂಗೂ ಹೋದ. ಹರಕೆಗೆ ಹೋದ ಅಂದ್ರೆ ಕಲ್ಲು ನೆಟ್ಟು ಪೂಜೆ ಮಾಡ್ತೀವಿ. ತಕ್ಕಡಿಗೆ ಹೋದ ಅಂದ್ರೆ ಯಾವನು ಕೈಮುಗೀತಾನೆ?" ಎಂದ. "ಯಾರೂ ಮುಗಿಯೋದು ಬ್ಯಾಡ ಮಾವ, ಅವನ ಗಂಟಲಾಗೆ ನೀರಿಳುದ್ರೆ ಸಾಕು" ಅಂದೆ. ಎಲೆಅಡಿಕೆ ಉಗುಳಿ ಎದ್ದುಹೋದ.

ಆ ಸಾವನ್ನು ದೇವರಿಗೆ ಕಟ್ಟಲಾರೆ ಮಗಳೆ. ಜುಂಜಪ್ಪ ನನ್ನ ಮಗನ ನೀರು ಬಿಡಿಸಲಿಲ್ಲ. ಬಿಡಿಸಿದವರು ಯಾರೋ ಅವರ ಹೆಸರನ್ನೇ ಹೇಳಬೇಕು. ಇದರಿಂದ ನಿಮ್ಮ ಕೆಲಸ ಹೋದರೆ, ಮನೆ ಬಿಡಿಸಿದರೆ, ಹಟ್ಟಿಗೆ ಬನ್ನಿ. ನನ್ನ ಮೇಲೆ ಸಿಟ್ಟು ಮಾಡಬೇಡ ಎನ್ನುವುದಿಲ್ಲ. ಸಿಟ್ಟು ಮಾಡಿಕೊಂಡೇ ಬಾ.

ಮಗುವಿನ ಕೆನ್ನೆಗೆ ಒಂದು ಮುತ್ತು ಕೊಡು.

ನಿನ್ನ ಅವ್ವ,
ಜುಂಜಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಬಾರದೆ ಕೊನೆಗೆ ಉಳಿದದ್ದು: ಗುರುವಾರ ಹೇಳುತ್ತೇನೆ ಎಂಬಂತೆ ಬರೆದೆ. ಹೇಳಿ ಆಗಿದೆ. ವಿಚಾರಣೆಯವರು ಇಲ್ಲಿಗೆ ಬಂದರೆ ರಂಗಪ್ಪನವರು ಪಕ್ಕದಲ್ಲಿ ನಿಂತಿರಬೇಕಾಗುತ್ತದೆ, ಅತ್ತೆಯ ಮಾತಿಗೆ ಅಳಿಯ ಹೊಣೆಯಾಗುತ್ತಾರೆ. ಅದಕ್ಕೇ ಶನಿವಾರ ಉಣ್ಣೆ ಕೊಳ್ಳಲು ಬಂದಿದ್ದ ಅಬ್ದುಲ್ ರಶೀದ್ ಸಾಬರ ಲಾರಿ ಹತ್ತಿ, ಅವರು ಇಳಿದುಕೊಂಡಿರುವ ದುರ್ಗದ ಪ್ರವಾಸಿ ಮಂದಿರಕ್ಕೆ ನಾನೇ ಹೋದೆ. ಒಬ್ಬರು ಬಿಳಿಯರು, ಇನ್ನೊಬ್ಬರು ಬೆಂಗಳೂರಿನ ವಕೀಲರು. ಡಾಕ್ಟರ ಸಂಗತಿ ಹೇಳಿದ್ದು ಅವರೇ. ಬರುವಾಗ ನಿಮ್ಮ ಓಣಿಯಲ್ಲೇ ಬಂದೆ. ನೀನು ಜಗಲಿಯಲ್ಲಿ ಮಗುವಿನ ತಲೆ ಬಾಚುತ್ತಿದ್ದೆ. ಒಳಗೆ ಬಂದರೆ ನೀನೇ ಕಳಿಸಿದ್ದು ಎಂದಾರು ಎಂದು ಸೆರಗು ಮುಖಕ್ಕೆ ಎಳೆದುಕೊಂಡು ಮುಂದೆ ನಡೆದೆ.

ಎಲ್ಲ ಬರೆದುಕೊಂಡ ಮೇಲೆ ವಕೀಲರು, ತಾಯಿಯ ಮಾತೊಂದೇ ಆದರೆ ಮುರುಗೇಶಪ್ಪನವರು ಹರಕೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತಾರೆ, ನಿಮ್ಮ ಮಗ ಹೇಳಿದ್ದನ್ನು ಕೇಳಿಸಿಕೊಂಡವರು ಇನ್ನು ಯಾರಾದರೂ ಇದ್ದರೇ ಎಂದು ಕೇಳಿದರು. ಯಾರೂ ಇರಲಿಲ್ಲ ಎಂದೆ, ಹೊಸಿಲ ಮೇಲಿದ್ದ ನಿನ್ನ ಹೆಸರು ಎತ್ತಲಿಲ್ಲ. ಅದೊಂದು ಸುಳ್ಳು ನನ್ನ ಮೇಲಿರಲಿ. ಅವರು ಶುಕ್ರವಾರದವರೆಗೆ ಅಲ್ಲೇ ಇರುತ್ತಾರೆ. ಹೋಗು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ.

ಈ ಕಾಗದ ತರುವವರು ರಶೀದ್ ಸಾಬರೇ. ನಿನ್ನ ಉತ್ತರ ಈಸಿಕೊಂಡು ಬರಲೂ ಅವರಿಗೇ ಹೇಳಿದ್ದೇನೆ: "ಬಾಗ್ಲು ಹಾಕ್ಕಂಡ್ರೂ ಒಂದೀಟು ಹೊತ್ತು ನಿಂತ್ಕಳ್ರಿ ಸಾಬ್ರೆ. ಬರ್ದುಕೊಡ್ದೆ ಬೈದ್ರೆ, ಆ ಬೈಗುಳಾನೇ ಒಂದೂ ಬಿಡ್ದಂಗೆ ನಂಗೆ ತಂದ್ಕೊಡ್ರಿ."