ಮುಗದದ ಹಾಲಿನ ಸಂಘಕ್ಕ ಹೊಸ ಅಧ್ಯಕ್ಷರು

ವಿದ್ಯಾನಗರ, ಹುಬ್ಬಳ್ಳಿ
ಬುಧವಾರ

ವಿದ್ಯವ್ವಾ,

ನನ್ನ ಎದಿ ಆಪರೇಶನ್ ಛಲೋ ಆತು. ದವಾಖಾನಿ ಹಾಸಿಗಿಮ್ಯಾಲ ಕುಂತು ಬರ್ಯಾಕತ್ತೇನಿ.

ನಿನ್ನೆ ನಮ್ಮ ಸಂಘದ ರೇಣವ್ವ ನೋಡಾಕ ಬಂದಿದ್ಲು. ಶನಿವಾರ ಮುಂಜಾನೆ ನಮ್ಮ ಸಂಘದಾಗ ಹಾಲು ತಂಪು ಮಾಡೋ ಮಶೀನ್ ಕೆಟ್ಟಿತ್ತಂತ. ಎಂಟುನೂರು ಲೀಟರ್ ಹಾಲು ಒಡದು ಹೋಗೂದಿತ್ತಂತ. "ಅಧ್ಯಕ್ಷಿ ದಾನವ್ವಗ ಫೋನ್ ಹಚ್ರಿ" ಅಂತ ಎಲ್ಲಾರೂ ಗದ್ದಲ ಮಾಡಿದ್ರಂತ. ಉಪಾಧ್ಯಕ್ಷಿ ನೀನು, "ಅಕ್ಕಾರನ್ನ ಆರಾಮ ಇರಾಕ ಬಿಡ್ರಿ, ಇದು ನನ್ನ ಕೆಲಸ" ಅಂದು, ಧಾರವಾಡದ ಫೇಡಾ ಮಾಡೋರ ಜೋಡಿ ಮಾತಾಡಿ, ಅಷ್ಟೂ ಹಾಲು ಮುಂಜಾನೆ ಹತ್ತು ಹೊಡಿಯೂದ್ರೊಳಗ ಅವರಿಗೆ ಮುಟ್ಟಿಸಿದಿ ಅಂತ.

ಎರಡು ವರ್ಷದಿಂದ ವಾರಕ್ಕೊಂದು ದಿನ ನಿನ್ನನ್ನ ನನ್ನ ಕುರ್ಚಿಮ್ಯಾಲ ಕುಂದ್ರಿಸಿ, ನಾ ಹೊರಗ ಕಟ್ಟಿಮ್ಯಾಲ ಕುಂದರತಿದ್ದೆ. "ಗಟ್ಟಿಮುಟ್ಟ ಇದ್ದಾಗ ಇದೆಲ್ಲಾ ಯಾಕ ಬೇಕು?" ಅಂತ ಮಂದಿ ನಗತಿದ್ರು.

ಖರೇ ಹೇಳತೇನಿ, ಶನಿವಾರ ನೀ ನನ್ನ ಒಂದು ಮಾತೂ ಕೇಳಲಿಲ್ಲಲ್ಲಾ ಅಂತ ಮೊದಲ ಒಂದು ಗಳಿಗಿ ಸಂಕಟ ಆತು. ಆಮ್ಯಾಲ ಎದಿ ಉಬ್ಬಿ ಹೊಲಿಗಿ ಜಗ್ಗಿತು.

ಇದರ ಜೋಡಿ ನನ್ನ ರಾಜೀನಾಮಿ ಐತಿ. ಶುಕ್ರವಾರ ಸಭಾದಾಗ ಓದು, ಅಳಬ್ಯಾಡ. ಐತವಾರ ಇಲ್ಲಿಗೆ ಬಾ. "ನಮ್ಮ ಅಧ್ಯಕ್ಷರು ಬರತಾರ" ಅಂತ ನರ್ಸಮ್ಮಗ ಹೇಳಿಟ್ಟೇನಿ.

ಸಂಘದ ಸದಸ್ಯೆ,
ದಾನವ್ವ