ಒಬ್ಬೊಬ್ಬರಿಗೆ ಒಂದೊಂದು ಸರದಿ

ಹುಮನಾಬಾದ
17-11-2004

ಪ್ರೀತಿಯ ದೀಪಾಲಿ,

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಶೇವಂತಾ ಅತ್ತೆಯ ಮೊಣಕಾಲು ನೋವು ಕಡಿಮೆಯಾಯಿತೇ? ಬಸವಕಲ್ಯಾಣದ ಶಾಲೆಯ ಕೆಲಸಕ್ಕೆ ಸಂದರ್ಶನವೆಂದು ಅವಳ ಮನೆಗೆ ಹೋದವಳು ಹನ್ನೆರಡು ದಿನವಾದರೂ ತಿರುಗಿ ಬಂದಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಲಾಗದೆ ನೀನು ಎದ್ದು ಬಂದೆ ಎಂದು ಕೇಳಿ ನಾನು ಫೋನಿನಲ್ಲಿ ಹಾರಾಡಿದೆ, ನೀನು ಫೋನ್ ಇಟ್ಟುಬಿಟ್ಟೆ. ಇರಲಿ, ಈ ಕಾಗದ ಬೈಯಲಿಕ್ಕೆ ಬರೆದದ್ದಲ್ಲ. ನಗುವಂಥ ಸುದ್ದಿ ಬಹಳ ಇದೆ.

ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಬಂದಿದೆ, ಜೊತೆಗೆ ಇಂಗ್ಲಿಷ್ ಉಚ್ಚಾರ ಕಲಿಸುವ ಸಿ.ಡಿ. ಅದರೊಳಗಿನ ಹೆಣ್ಣುಮಗಳು ಒಂದು ಮಾತು ಹೇಳುತ್ತಾಳೆ, ನಾವು ಮೈಕಿನಲ್ಲಿ ಹಾಗೆಯೇ ಅನ್ನಬೇಕು. ಸರಿಯಾದರೆ ಪರದೆಯ ಮೇಲೆ ಹಸಿರು ಪಟ್ಟಿ, ತಪ್ಪಾದರೆ ಕೆಂಪು. ನಿನ್ನಪ್ಪ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಮಾಸ್ತರ, ಯಾರ ಮಾತು ಕೇಳುತ್ತಾನೆ? ಎಂದಿನಂತೆ ನಲವತ್ತೆರಡು ಮಕ್ಕಳನ್ನೂ ಮೈಕಿನ ಸುತ್ತ ನಿಲ್ಲಿಸಿ, ನಾನು ಒಂದು ಸಲ, ಅವರೆಲ್ಲ ಕೂಡಿ ಮೂರು ಸಲ, ಜೋರಾಗಿ ಅನ್ನಿಸಿದೆ. ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು. ಪಟ್ಟಿ ಮಾತ್ರ ಕೆಂಪು ಬಿಟ್ಟು ಕದಲಲಿಲ್ಲ. ಯಂತ್ರ ಕೆಟ್ಟಿದೆ ಎಂದು ಷರಾ ಬರೆಯಲು ಕೂತೆ. ಕಸ ಗುಡಿಸುತ್ತಿದ್ದ ಮುನ್ನಿ ಬೀ, "ಸರ್, ನಾ ಒಂದ್ಸಲ ಅನ್ಲೇನ್ರಿ?" ಎನ್ನುತ್ತ ಸೆರಗಿನ ಮೇಲೆಯೇ ಹೆಡ್‌ಫೋನ್ ಇಟ್ಟುಕೊಂಡು ಗುಡ್ ಮಾರ್ನಿಂಗ್ ಅಂದಳು. ಹಸಿರು! ಈಗ ಶಾಲೆಯಲ್ಲಿ ಅವಳ ನಡಿಗೆಯೇ ಬೇರೆ. ನನಗೆ ಎರಡು ಸಲ ಕೆಂಪು ಬಂತು, ಅತ್ತೆಗೆ ಹೇಳಬೇಡ.

ಯಂತ್ರಕ್ಕೆ ಒಂದು ಸಲಕ್ಕೆ ಒಬ್ಬರದೇ ದನಿ ಬೇಕು ಎಂದು ಆಗ ತಿಳಿಯಿತು. ಒಬ್ಬೊಬ್ಬರನ್ನೇ ಕೂಡಿಸಿದೆ. ಏಳನೆಯ ತರಗತಿಯ ರತ್ನಮಾಲಾ ಎಂಬ ಹುಡುಗಿ ಮುಂದಿನ ಸಾಲಿನವಳು, ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆಯುವವಳು. ಇವಳನ್ನು ನೋಡಿ ಕಲಿಯಿರಿ ಎಂದು ನಾನೇ ಉಳಿದವರಿಗೆ ಹೇಳುತ್ತಿದ್ದೆ. ಮೈಕಿನ ಮುಂದೆ ಅವಳ ತುಟಿಗಳು ಆಡಿದವು, ಪಟ್ಟಿ ಹಸಿರೂ ಆಗಲಿಲ್ಲ, ಕೆಂಪೂ ಆಗಲಿಲ್ಲ. ದನಿಯೇ ಇರಲಿಲ್ಲ. ಕೇಳಿದರೆ ಅಳುತ್ತ, "ನಾ ಎಂದೂ ಅಂದೇ ಇಲ್ರೀ ಸರ್. ಎಲ್ಲಾರ ನಡುವ ಬರೇ ಬಾಯಿ ಆಡಸ್ತಿದ್ದೆ. ತಪ್ಪಾದ್ರ ನೀವು ಬೈತೀರಂತ ಅಂಜಿಕಿ" ಅಂದಳು. ನನಗೆ ಬಹಳ ನಾಚಿಕೆಯಾಯಿತು, ದೀಪಾ. ಅಂಥವರು ಇನ್ನೂ ಹನ್ನೊಂದು ಮಂದಿ ಸಿಕ್ಕರು.

ಈಗ ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು, ಸರದಿಯ ಮೇಲೆ ಒಬ್ಬರು ಒಳಗೆ, ಉಳಿದವರು ಹೊರಗೆ. ನಾನೂ ಹೊರಗೆ. ನಿನ್ನೆ ರತ್ನಮಾಲಾಳ ದನಿ ಬಾಗಿಲಾಚೆಗೆ ಕೇಳಿತು. ಉಚ್ಚಾರ ತಪ್ಪೇ, ಆದರೆ ಕೇಳಿತು. ಖುಷಿ ತಡೆಯದೆ ಎಲ್ಲರಿಗೂ ಪೇರಲ ಹಣ್ಣು ಹಂಚಿದೆ.

ಇಲ್ಲಿ ಎಲ್ಲರೂ ಆರಾಮ. ಅಮ್ಮ ಶೇಂಗಾ ಹೋಳಿಗೆ ಮಾಡುವವಳಿದ್ದಾಳೆ. ಅತ್ತೆಗೆ ನನ್ನ ನಮಸ್ಕಾರ, ನಿನಗೆ ನಮ್ಮಿಬ್ಬರ ತುಂಬು ಆಶೀರ್ವಾದ.

ನಿನ್ನ ಅಪ್ಪ,
ತುಳಜಾರಾಮ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಐದರಿಂದ ಏಳರವರೆಗೆ ನೀನೂ ನನ್ನ ತರಗತಿಯಲ್ಲೇ ಇದ್ದೆ. ನಿನ್ನ ದನಿಯನ್ನು ಬೇರೆಯಾಗಿ ನಾನು ಒಂದು ದಿನವೂ ಕೇಳಿದ ನೆನಪಿಲ್ಲ. ಸಂದರ್ಶನದಲ್ಲಿ ತಪ್ಪಿದವಳು ನೀನಲ್ಲ, ಮಗಳೇ. ಆ ಶಾಲೆಗೆ ಫೋನ್ ಮಾಡಿದ್ದೆ, ಮುಂದಿನ ವಾರ ಇನ್ನೊಮ್ಮೆ ಕರೆಯುತ್ತಾರಂತೆ. ಅದಕ್ಕೂ ಮುಂಚೆ ರವಿವಾರ ಮನೆಗೆ ಬಾ. ಎದುರಿಗೆ ಕೂತು ಇಂಗ್ಲಿಷಿನಲ್ಲಿ ನನ್ನನ್ನು ಮನಸಾರೆ ಬೈ. ತಿದ್ದುವುದಿಲ್ಲ, ಕೇಳುತ್ತೇನೆ.