ಸಾಂಬಾರಿನ ಪಾತ್ರೆಗೊಂದು ಜಾಗ

ಸಾಂತಾಕ್ರೂಜ್, ಭಾನುವಾರ

ಪ್ರೀತಿಯ ಸುಕೇಶಣ್ಣ,

ಫೋನಿನಲ್ಲಿ ನನಗೆ ಮಾತಾಡಲು ನೀನು ಬಿಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಫೋರ್ಟಿನಲ್ಲಿರುವ ನಿನ್ನ ಹೋಟೆಲಿಗೆ ನಾನು ಮಾಡಿಕೊಟ್ಟ ಕೌಂಟರಿನ ಮೇಲೆ ಅಡುಗೆಯ ಭಟ್ರು ಒಲೆಯಿಂದ ಇಳಿಸಿದ ಸಾಂಬಾರಿನ ಪಾತ್ರೆಯನ್ನು ಹಾಗೆಯೇ ಇಟ್ಟರಂತೆ, ಕೌಂಟರ್ ಕರಗಿ ಗುಂಡಿ ಬಿತ್ತಂತೆ. ಬೀಳುತ್ತದೆ ಅಣ್ಣ. ಹಳೆಯ ಪ್ಲಾಸ್ಟಿಕ್ ಡಬ್ಬ, ಮುಚ್ಚಳಗಳನ್ನು ಕರಗಿಸಿ ಒತ್ತಿದ ಹಲಗೆ ಅದು, ನೋಡಲು ಮಾತ್ರ ಕಲ್ಲಿನಂತೆ. ನೀರಿಗೆ, ಎಣ್ಣೆಗೆ ಜಗ್ಗುವುದಿಲ್ಲ. ಒಲೆಯ ಬಿಸಿಯನ್ನು ಮಾತ್ರ ತಡೆಯದು.

"ಈ ಕಚರಾ ಕಿತ್ತು ಬಿಸಾಡಿ ಮಾರಾಯ್ರೆ, ಗ್ರಾನೈಟ್ ಹಾಕಿಸ್ತೇನೆ" ಎಂದು ನೀನು ಹೋಟೆಲಿನಲ್ಲಿ ಭಟ್ರಿಗೆ ಕೂಗಿದಾಗ ನನ್ನ ಜೊತೆ ಕೆಲಸ ಮಾಡುವ ಹರಿಣಿ ಅಲ್ಲೇ ಇದ್ದಳು. ಸಂಜೆ ನನ್ನ ಹತ್ತಿರ ಬಂದು, "ಅಕ್ಕ, ನಾವಿನ್ನು ವರ್ಕ್‌ಶಾಪ್ ಮುಚ್ಚೋದಾ?" ಅಂದಳು.

"ಇಲ್ಲ, ಗರಗಸ ತೆಗಿ" ಅಂದೆ.

ನಿನ್ನೆ ಇಬ್ಬರೂ ಸೇರಿ ಇನ್ನೊಂದು ಹಲಗೆಯ ನಡುವೆ ಜಾಗ ಕತ್ತರಿಸಿ, ಕೆಳಗೆ ಕಬ್ಬಿಣದ ಚೌಕಟ್ಟು ಕೊಟ್ಟು, ಪ್ಲಾಸ್ಟಿಕ್ಕಿಗೆ ತಾಗದಂತೆ ಸ್ಟೀಲ್ ತಗಡು ಕೂರಿಸಿದೆವು. ಅದರ ಮೇಲೆ ಕುದಿಯುವ ನೀರಿನ ಪಾತ್ರೆ ಇಟ್ಟು ಊಟಕ್ಕೆ ಹೋದೆವು. ವಾಪಸ್ ಬಂದು ನೋಡಿದರೆ ಹಲಗೆಗೆ ಏನೂ ಆಗಿರಲಿಲ್ಲ. ಹರಿಣಿ ಕೈಯಿಂದ ಸವರಿ ಸವರಿ ನೋಡಿದಳು.

ಈ ಕಾಗದವನ್ನು ಇವತ್ತೇ ಹರಿಣಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ನಿನ್ನ ಕೌಂಟರಿಗೂ ಹಾಗೆಯೇ ತಗಡು ಕೂರಿಸಲು ಬರುತ್ತೇವೆ. ಕೌಂಟರ್ ಖಾಲಿ ಮಾಡಿಸಿಡು. ಭಟ್ರನ್ನು ಬೈಯಬೇಡ, ಪಾತ್ರೆ ಎಲ್ಲಿಟ್ಟರೆ ಅನುಕೂಲ ಎಂದು ಅವರನ್ನೇ ಕೇಳಿ ಗುರುತು ಹಾಕುತ್ತೇನೆ. ಗ್ರಾನೈಟಿನವನು ಬಂದರೆ ಅವನೂ ಕೂತು ನೋಡಲಿ.

ಕೆಲಸ ಮುಗಿದ ಮೇಲೆ ಗಿರಾಕಿಗಳು ಯಾರಾದರೂ ಇದು ಯಾವ ಕಲ್ಲು ಎಂದು ಕೇಳಿದರೆ, ಕಲ್ಲಲ್ಲ, ನನ್ನ ತಂಗಿ ಮಾಡಿದ್ದು ಅಂತ ಹೇಳು.

ನಿನ್ನ,
ವಾರಿಜಾ